ಸರ್ವಧಾರೀ ಸಂವತ್ಸರ

ನಮ್ಮ ಪಂಚಾಂಗದಲ್ಲಿ ವರುಷಗಳಿಗೆ ಅಂಕೆಗಿಂತ ಮೊದಲು ಹೆಸರುಂಟು. ಪ್ರಭವ ಮೊದಲುಗೊಂಡು ಅಕ್ಷಯದ ವರೆಗಿನ ಆ ಅರುವತ್ತು ಹೆಸರುಗಳನ್ನು ಪಾಠಶಾಲೆಯಲ್ಲಿ ನಮಗೆ ಅಮರಕೋಶಕ್ಕಿಂತಲೂ ಮುಂಚೆ ಬಾಯಿಪಾಠ ಮಾಡಿಸಿದ್ದರು. ಹೆಸರಿಗೂ ಆ ವರುಷದ ಫಲಕ್ಕೂ ನಂಟು ಇರಲೇಬೇಕೆಂಬ ಹಟ ನನಗಿಲ್ಲ. ಆನಂದ ಸಂವತ್ಸರದಲ್ಲಿ ಅತ್ತವರುಂಟು, ರೌದ್ರಿಯಲ್ಲಿ ಮದುವೆಯಾಗಿ ಸುಖವಾಗಿ ಬಾಳಿದವರೂ ಉಂಟು. ಆದರೂ ಕೆಲವು ವರುಷಗಳ ಹೆಸರನ್ನು ನೋಡಿದಾಗ, ಇಟ್ಟವರು ತಿಳಿದೇ ಇಟ್ಟರೇನೋ ಎಂದು ಕ್ಷಣಕಾಲ ತೋರುವದುಂಟು. 1947ರ ಯುಗಾದಿಗೆ ಬಂದದ್ದು ಸರ್ವಜಿತ್ತು, ಎಂದರೆ ಎಲ್ಲವನ್ನೂ ಗೆಲ್ಲುವಂಥದು. ಆ ವರುಷ ಭರತಖಂಡದ ಬಹುಭಾಗಕ್ಕೆ ಸ್ವಾತಂತ್ರ್ಯ ಬಂದಿತು. ನಮ್ಮ ರಾಯಚೂರು ಸೀಮೆಗೆ ಬರಲಿಲ್ಲ. ಮರುವರುಷ, 1948ನೆಯ ಇಸವಿ ಏಪ್ರಿಲ್ 10ನೆಯ ತಾರೀಖು ಶನಿವಾರ, ಸರ್ವಧಾರೀ ಸಂವತ್ಸರ ಹುಟ್ಟಿತು. ಎಲ್ಲವನ್ನೂ ಧರಿಸುವಂಥದೆಂದು ಅದರ ಅರ್ಥ. ಯುಗಾದಿಯ ವಾರಕ್ಕೆ ಒಡೆಯನಾದ ಗ್ರಹವೇ ಆ ವರುಷಕ್ಕೆ ರಾಜನೆಂಬ ಲೆಕ್ಕದಂತೆ ಶನಿಯೇ ರಾಜ. ಅದರ ಮುಂದಿನದು ವಿರೋಧಿ.

ಆ ಒಂದು ವರುಷಕ್ಕೆ ನಮ್ಮ ಊರುಗಳಲ್ಲಿ ನಾಲ್ಕು ಹೆಸರುಗಳಿದ್ದುವು. ಮನೆಯೊಳಗೆ ಶಾಲಿವಾಹನ ಶಕ 1870, ಸರ್ವಧಾರೀ. ಮಸೀದಿಯಲ್ಲಿ ಹಿಜರಿ 1367. ರೈಲು ನಿಲ್ದಾಣದಲ್ಲಿಯೂ ಅಂಚೆಯ ಮುದ್ರೆಯಲ್ಲಿಯೂ 1948. ಇನ್ನು ಕಚೇರಿಯಲ್ಲಿ, ಎಂದರೆ ಅವಲ್ ತಾಲೂಕದಾರರ ದಫ್ತರದಿಂದ ಹಳ್ಳಿಯ ಕುಲಕರ್ಣಿಯ ಚಾವಡಿಯ ವರೆಗೆ, ಫಸಲೀ 1357. ಈ ಫಸಲೀ ವರುಷವು ಅಕ್ಟೋಬರದಲ್ಲಿ ಆಜೂರ ಮಾಸದಿಂದ ಮೊದಲಾಗಿ ಮರು ಅಕ್ಟೋಬರದಲ್ಲಿ ಆಬಾನ ಮಾಸದೊಂದಿಗೆ ಮುಗಿಯುವದು. ಅಂಕೆಗೆ 590 ಕೂಡಿಸಿದರೆ ಇಸವಿ ಸಿಕ್ಕುವದು. ಹೊಲದ ಪಹಣಿ, ಕಂದಾಯದ ರಸೀದಿ, ನ್ಯಾಯಾಲಯದ ತೀರ್ಪು ಎಲ್ಲವೂ ಉರ್ದುವಿನಲ್ಲಿ, ಎಲ್ಲಕ್ಕೂ ಫಸಲೀ ತಾರೀಖು. ಒಬ್ಬನೇ ರೈತ ಬೆಳಿಗ್ಗೆ ಸರ್ವಧಾರಿಯಲ್ಲಿ ಎದ್ದು, ಮಧ್ಯಾಹ್ನ ಫಸಲಿಯಲ್ಲಿ ಹಣ ಕಟ್ಟಿ, ಸಂಜೆಯ ರೈಲಿನಲ್ಲಿ ಇಸವಿಯೊಳಗೆ ಪ್ರಯಾಣ ಮಾಡುತ್ತಿದ್ದ ಕಾಲವದು.

ಅಮೇರಿಕಾದಲ್ಲಿ ಒಂದೊಂದು ಸಂಸ್ಥಾನಕ್ಕೂ ವರುಷ ವರುಷದ ವೃತ್ತಾಂತವನ್ನು ಬರೆದಿಡುವ ಪದ್ಧತಿಯಿದೆ. ಇಂಥ ವರುಷ ಇಂಥವರು ಆಳಿದರು, ಇಂಥ ಹೊಳೆ ಉಕ್ಕಿತು, ಇಂಥವರು ಹುಟ್ಟಿದರು, ಇಂಥವರು ಗತಿಸಿದರು ಎಂಬಂತೆ. ಅಂಥದನ್ನು ಕಂಡಾಗಿನಿಂದ, ನಮ್ಮ ಸೀಮೆಗೆ ಹೀಗೊಂದು ವರುಷದ ವೃತ್ತಾಂತವನ್ನು ಬರೆಯುವದಾದರೆ ಯಾವ ವರುಷವನ್ನು ಮೊದಲು ಹಿಡಿಯಬೇಕೆಂದು ಯೋಚಿಸಿದೆನು. ಬಹಳ ಯೋಚಿಸಬೇಕಾಗಲಿಲ್ಲ. ಮೂವತ್ತಕ್ಕೂ ಮಿಕ್ಕಿದ ವರುಷಗಳ ಕಾಲ ರಾಯಚೂರು, ದೇವದುರ್ಗ, ಮಾನವಿಗಳಲ್ಲಿ ಮಾಸ್ತರಿಕೆ ಮಾಡಿದ ನನಗೆ ಸಪ್ಟಂಬರ 17ರ ಧ್ವಜವಂದನೆಯ ಭಾಷಣ ಬಹುಮಟ್ಟಿಗೆ ಕಟ್ಟಿಟ್ಟ ಬುತ್ತಿಯಾಗಿತ್ತು. ಸಂಸ್ಕೃತ ಬಲ್ಲವರು, ಚೆನ್ನಾಗಿ ಮಾತಾಡುತ್ತಾರೆಂದು ಹೆಡ್‌ಮಾಸ್ತರರು ನನ್ನ ಹೆಸರನ್ನೇ ಬರೆಯುತ್ತಿದ್ದರು. ಆ ಭಾಷಣದೊಳಗೆ 1948 ಎಂದರೆ ಐದೇ ದಿವಸ: 13ರಂದು ಸೇನೆ ಹೊರಟಿತು, 17ರಂದು ನಿಜಾಮರು ಸೋತರು, ಜೈ ಹಿಂದ್. ಆದರೆ ಆ ಇಸವಿಗೆ 366 ದಿವಸಗಳಿದ್ದುವು. ಉಳಿದವುಗಳ ವಿಷಯವನ್ನು ವಾಚಕರ ಮುಂದಿಡುವದೇ ಈ ಬರಹದ ಉದ್ದೇಶ.

ವರುಷದ ಆರಂಭದಲ್ಲಿ ಪರಿಸ್ಥಿತಿ ಹೀಗಿತ್ತು. ಹೈದರಾಬಾದ ಸಂಸ್ಥಾನದ ವಿಸ್ತಾರ 82 ಸಾವಿರ ಚದರ ಮೈಲಿಗೂ ಮಿಕ್ಕುದು, ಹದಿನಾರು ಜಿಲ್ಲೆಗಳು, ಅವುಗಳಲ್ಲಿ ಕನ್ನಡದವು ಮೂರು, ಬೀದರ, ಗುಲಬರ್ಗಾ, ರಾಯಚೂರು. ಆಳುವವರು ಮೀರ್ ಉಸ್ಮಾನ್ ಅಲೀ ಖಾನರು. 1947ರ ನವಂಬರ 29ರಂದು ಅವರೂ ಭಾರತ ಸರಕಾರವೂ ಯಥಾಸ್ಥಿತಿಯ ಒಪ್ಪಂದವೊಂದನ್ನು ಮಾಡಿಕೊಂಡಿದ್ದರು. ಒಂದು ವರುಷದ ಮಟ್ಟಿಗೆ ಇದ್ದದ್ದು ಇದ್ದಂತೆ ಇರಲೆಂದು ಅದರ ತಾತ್ಪರ್ಯ. ಇದ್ದದ್ದು ಇದ್ದಂತೆ ಇರುವದು ಲೋಕದಲ್ಲಿ ಎಲ್ಲಿಯೂ ಇಲ್ಲ, ಆ ವರುಷವಂತೂ ಇರಲಿಲ್ಲ. ಮೀರ್ ಲಾಯಕ್ ಅಲೀ ಎಂಬವರು ದಿವಾನರಾದರು. ಭಾರತದ ಕಡೆಯಿಂದ ಕನ್ಹೈಯಾಲಾಲ ಮುನ್ಶಿಯವರು ಪ್ರತಿನಿಧಿಯಾಗಿ ಜನವರಿಯಲ್ಲಿ ಬಂದರು. ಇವರಿಬ್ಬರ ನಡುವೆ, ಇಬ್ಬರಿಗೂ ಮೀರಿದ ಗದ್ದಲ ಮಾಡುತ್ತ, ಲಾತೂರಿನ ವಕೀಲ ಕಾಸಿಂ ರಜವಿ ಮತ್ತು ಆತನ ರಜಾಕಾರ ದಳ. ಸ್ಟೇಟ್ ಕಾಂಗ್ರೆಸ್ಸಿನ ನಾಯಕ ಸ್ವಾಮಿ ರಾಮಾನಂದ ತೀರ್ಥರು ಸೆರೆಮನೆಯಲ್ಲಿ. ಜನವರಿ 30ರಂದು ದಿಲ್ಲಿಯಲ್ಲಿ ಮಹಾತ್ಮರ ಕೊಲೆಯಾಯಿತು. ಆ ಶೋಕವಾರ್ತೆಗೆ ಮಾತ್ರ ಗಡಿಯಿರಲಿಲ್ಲ.

ಈಗ ನಮ್ಮ ಮೂರು ಊರುಗಳಿಗೆ ಬರುವೆನು. ಒಂದೇ ಜಿಲ್ಲೆಯೊಳಗಿದ್ದರೂ ಆ ವರುಷ ಅವು ಮೂರು ಬೇರೆ ಲೋಕಗಳಾಗಿದ್ದುವೆಂಬುದು ಹಿರಿಯರ ಮಾತುಗಳನ್ನು ಕೇಳುತ್ತ ಬಂದ ನನಗೆ ಮೆಲ್ಲಮೆಲ್ಲನೆ ತಿಳಿಯಿತು.

ರಾಯಚೂರಿಗೆ ರೈಲಿತ್ತು. ಮುಂಬಯಿ ಕಡೆಯ ಹಾದಿಯೂ ಮದರಾಸು ಕಡೆಯ ಹಾದಿಯೂ 1871ರಲ್ಲಿ ಕೂಡಿದ್ದು ನಮ್ಮ ರಾಯಚೂರಿನಲ್ಲಿಯೇ. ಈ ಹಾದಿ ನಿಜಾಮರ ನೆಲದ ಮೇಲೆ ಹಾಯ್ದುಹೋದರೂ ನಿಜಾಮರ ರೈಲ್ವೆಯದಲ್ಲ. ಅವರದು ವಾಡಿಯಲ್ಲಿ ಬಂದು ಸೇರುವದು. ಆದಕಾರಣ ಮುಂಬಯಿ-ಮದರಾಸು ಮೇಲ್ ಗಾಡಿಯೆಂದರೆ ಸಂಸ್ಥಾನದೊಳಗೆ ದಿನವೂ ಹರಿಯುತ್ತಿದ್ದ ಹೊರನಾಡಿನ ಒಂದು ಕಾಲುವೆ. ಪತ್ರಿಕೆ ಬರುವದು ಅದರಲ್ಲಿ, ಸುದ್ದಿ ಬರುವದು ಅದರಲ್ಲಿ, ಜೀವ ಉಳಿಸಿಕೊಂಡು ಹೋಗುವವರು ಹೋಗುವದೂ ಅದರಲ್ಲಿ. ಊರೂ ಅಂಥದೇ. ಪಂಡಿತ ತಾರಾನಾಥರು ಕಟ್ಟಿದ ಹಮ್‌ದರ್ದ್ ಶಾಲೆ ಇಲ್ಲಿತ್ತು. 1934ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದ ಊರಿದು. ಉರ್ದು, ಕನ್ನಡ, ತೆಲುಗು ಮೂರನ್ನೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ಕೇಳಬಹುದಾಗಿತ್ತು. ಇಂದೂ ಕೇಳಬಹುದು.

ಮಾನವಿಗೆ ಹೊಳೆಯಿತ್ತು. ತಾಲೂಕಿನ ತೆಂಕಣ ಎಲ್ಲೆ ತುಂಗಭದ್ರೆ. ಆಚೆಯ ದಡ ಆ ಕಾಲಕ್ಕೆ ಮದರಾಸು ಪ್ರಾಂತಕ್ಕೆ ಸೇರಿದ ಆದವಾನಿ ತಾಲೂಕು, ಎಂದರೆ ಸ್ವತಂತ್ರ ಭಾರತ. ಬೇಸಗೆಯಲ್ಲಿ ಹೊಳೆ ಇಳಿದಾಗ ಮೊಣಕಾಲು ನೀರಿನಲ್ಲಿ ಸ್ವಾತಂತ್ರ್ಯಕ್ಕೆ ನಡೆದುಹೋಗಬಹುದಾಗಿತ್ತು. ನಮ್ಮ ಅಜ್ಜಿ ಹಾಗೆ ನಡೆದವಳು. ತಲೆಯ ಮೇಲೆ ಗಂಟು, ಸೊಂಟದಲ್ಲಿ ಚಿಕ್ಕ ಮಗು, ಕೈಹಿಡಿದು ಎಂಟು ವರುಷದ ನಮ್ಮ ತಂದೆ. ಮಂತ್ರಾಲಯದ ಛತ್ರದ ಒಂದು ಮೂಲೆಯಲ್ಲಿ ಅವರು ನಾಲ್ಕು ತಿಂಗಳು ಇದ್ದರು. ಅಜ್ಜಿ ಆ ವಿಷಯ ಹೇಳುವಾಗ ರಜಾಕಾರರ ಮಾತು ಕಡಿಮೆ, ಉಪ್ಪಿನ ಮಾತು ಹೆಚ್ಚು. ಭಾರತ ಸರಕಾರವು ಸಂಸ್ಥಾನದೊಳಕ್ಕೆ ಹೋಗುವ ಸರಕುಗಳನ್ನು ತಡೆದಿತ್ತು. ಊರಿನಲ್ಲಿ ಉಪ್ಪಿಲ್ಲ, ಸೀಮೆಎಣ್ಣೆಯಿಲ್ಲ, ಔಷಧವಿಲ್ಲ. ಹೊಳೆ ದಾಟಿದ ಮೊದಲ ದಿನ ಆಕೆ ಮಾಡಿದ ಕೆಲಸವೆಂದರೆ ಒಂದು ಹಿಡಿ ಉಪ್ಪು ಕೊಂಡು, ದೇವರ ಮುಂದೆ ಇಟ್ಟು, ಆ ಮೇಲೆ ಸಾರಿಗೆ ಹಾಕಿದ್ದು. ಕೈಯಲ್ಲಿದ್ದದ್ದು ನಿಜಾಮರ ಹಾಲೀ ಸಿಕ್ಕ. ಏಳು ಹಾಲೀ ರೂಪಾಯಿಗೆ ಆರು ಕಲದಾರ ರೂಪಾಯಿ ಎಂಬುದು ಪುಸ್ತಕದ ಲೆಕ್ಕ. ಓಡಿಬಂದವರಿಗೆ ಅಂಗಡಿಯವನು ಯಾವ ಲೆಕ್ಕ ಹೇಳಿದನೆಂಬುದನ್ನು ವಾಚಕರೇ ಊಹಿಸಬಹುದು.

ಇನ್ನು ದೇವದುರ್ಗ. ಅದಕ್ಕೆ ರೈಲೂ ಇಲ್ಲ, ಗಡಿಯ ಹೊಳೆಯೂ ಇಲ್ಲ. ಬಡಗಣಕ್ಕೆ ಕೃಷ್ಣೆ ಹರಿಯುವಳು ನಿಜ. ಆದರೆ ಕೃಷ್ಣೆಯ ಆಚೆಗೂ ಗುಲಬರ್ಗಾ ಜಿಲ್ಲೆ, ನಿಜಾಮರದೇ ನೆಲ. ಎರಡು ಹೊಳೆಗಳ ನಡುವಿನ ನಾಡೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ದೋಆಬದಲ್ಲಿ ಒಂದು ಹೊಳೆ ಬಾಗಿಲು, ಇನ್ನೊಂದು ಗೋಡೆ. ದೇವದುರ್ಗದವರು ಗೋಡೆಯ ಕಡೆಯವರು. ಅಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ವೃದ್ಧರೊಬ್ಬರು, "ನಾವು ಎಲ್ಲಿಗೂ ಓಡಲಿಲ್ಲ ಆಚಾರ್ರೆ, ಓಡಲಿಕ್ಕೆ ಎಲ್ಲಿತ್ತು ಹಾದಿ? ಬಾಗಿಲು ಹಾಕಿಕೊಂಡು ಕೂತಿವಿ" ಎಂದಿದ್ದರು. ಊರುಗಳ ಇತಿಹಾಸವನ್ನು ಬರೆಯುವವರು ಓಡಿದವರ ಕಥೆಯನ್ನೂ ಕಾದಿದವರ ಕಥೆಯನ್ನೂ ಬರೆಯುವರು. ಬಾಗಿಲು ಹಾಕಿಕೊಂಡು ಕೂತವರ ಸಂಖ್ಯೆಯೇ ಎಲ್ಲ ಕಾಲಕ್ಕೂ ಹೆಚ್ಚು, ಅವರಿಗೆ ಕಥೆಯಿಲ್ಲ.

ಕಾದಿದವರೂ ಇದ್ದರು. ಗಡಿಯ ಆಚೆ ಶಿಬಿರಗಳು ಹುಟ್ಟಿದುವು. ಮುಂಡರಗಿಯ ಶಿಬಿರಕ್ಕೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು ಮುಂದಾಳುಗಳು. ಅಲ್ಲಿಂದ ಗಡಿ ದಾಟಿ ಬಂದು ಠಾಣೆ, ನಾಕೆಗಳ ಮೇಲೆ ಬಿದ್ದು, ಹಳ್ಳಿಗರಿಗೆ ಧೈರ್ಯ ಹೇಳಿ ಹಿಂದಿರುಗುವರು. ಈ ಶೂರರ ವಿಷಯವನ್ನು ಬಲ್ಲವರು ಬೇರೆಡೆ ವಿಸ್ತಾರವಾಗಿ ಬರೆದಿರುವದರಿಂದ ನಾನು ಇಲ್ಲಿ ಬೆಳೆಸುವದಿಲ್ಲ.

ಬೇಸಗೆ ಏರಿದಂತೆ ಅನ್ಯಾಯವೂ ಏರಿತು. ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದ ಮೇಲೆ ರಜಾಕಾರರು ಬಿದ್ದು ಮಾಡಿದ ಹತ್ಯೆಯನ್ನು ಇಂದಿಗೂ ಆ ಕಡೆಯವರು ಮೆಲುದನಿಯಲ್ಲಿಯೇ ಹೇಳುವರು. ಸತ್ತವರು ಇನ್ನೂರಕ್ಕೂ ಮಿಕ್ಕವರೆಂದು ಪ್ರತೀತಿ. ಅದೇ ತಿಂಗಳು ಗಾಣಗಾಪುರದ ನಿಲ್ದಾಣದಲ್ಲಿ ಮೇಲ್ ಗಾಡಿಯ ಮೇಲೆಯೇ ದಾಳಿಯಾಯಿತು. ರಾಯಚೂರಿನವರಿಗೆ ಕಾಲುವೆಯಂತಿದ್ದ ಹಾದಿಯಲ್ಲಿ ರಕ್ತ ಬಿದ್ದ ಮೇಲೆ ಊರಿನ ಧೈರ್ಯ ಉಡುಗಿತೆಂದು ಹಿರಿಯರು ಹೇಳುತ್ತಿದ್ದರು. ಜೂನಿನಲ್ಲಿ ದಿಲ್ಲಿಯ ಸಂಧಾನ ಮುರಿಯಿತು, ಮೌಂಟಬ್ಯಾಟನ್ನರು ವಿಲಾಯತಿಗೆ ಹೊರಟುಹೋದರು. ಸಿಡ್ನೀ ಕಾಟನ್ ಎಂಬ ವಿಮಾನಿಕನೊಬ್ಬ ಕರಾಚಿಯಿಂದ ರಾತ್ರಿಯ ಹೊತ್ತು ಬಂದೂಕುಗಳನ್ನು ತಂದು ಇಳಿಸುತ್ತಿದ್ದನು.

ಆಗಸ್ಟಿನ ಒಂದು ಘಟನೆಯನ್ನು ಮಾತ್ರ ನಿಂತು ಹೇಳಬೇಕು. ಹೈದರಾಬಾದಿನಲ್ಲಿ ಇಮ್‌ರೋಜ್ ಎಂಬ ಉರ್ದು ದಿನಪತ್ರಿಕೆ. ಅದರ ಸಂಪಾದಕ ಶೋಏಬುಲ್ಲಾ ಖಾನ್ ಎಂಬ ತರುಣ. ಸಂಸ್ಥಾನವು ಭಾರತದಲ್ಲಿ ಸೇರತಕ್ಕದ್ದೆಂದೂ, ರಜಾಕಾರರ ನಡತೆ ಅಧರ್ಮವೆಂದೂ ಆತ ಬರೆದನು. ಆಗಸ್ಟ್ 21ರ ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದವನನ್ನು ದಾರಿಯಲ್ಲಿ ಕೊಂದರು. ಬರೆದ ಕೈಯನ್ನು ಕತ್ತರಿಸಿದರು. ಸಪ್ಟಂಬರ 17ರ ನಮ್ಮ ಭಾಷಣಗಳಲ್ಲಿ ಈ ಹೆಸರು ನನಗೆ ಕೇಳಿಬಂದದ್ದು ಅತಿ ವಿರಳ. ನಾನು ಹೇಳತೊಡಗಿದ ಮೇಲೆ ಮಾನವಿಯ ಒಬ್ಬ ವಿದ್ಯಾರ್ಥಿನಿ, "ಹಾಗಾದರೆ ಆಗ ಯಾರು ಯಾರ ಕಡೆಗಿದ್ದರು ಸರ್?" ಎಂದು ಕೇಳಿದಳು. ಮೂವತ್ತು ವರುಷಗಳಲ್ಲಿ ನನಗೆ ಬಂದ ಪ್ರಶ್ನೆಗಳಲ್ಲಿ ಅದು ಉತ್ತಮವಾದದ್ದು.

ಸಪ್ಟಂಬರ 11ರಂದು ಜಿನ್ನಾ ಸಾಹೇಬರು ಕರಾಚಿಯಲ್ಲಿ ತೀರಿಕೊಂಡರು. 13, ಸೋಮವಾರ ಬೆಳಗಿನ ಜಾವ ಭಾರತದ ಸೇನೆ ನಾಲ್ಕು ದಿಕ್ಕುಗಳಿಂದ ಒಳಹೊಕ್ಕಿತು. ಮುಖ್ಯವಾದ ದಂಡು ಸೋಲಾಪುರದಿಂದ ಮೇಜರ್ ಜನರಲ್ ಚೌಧುರಿಯವರದು. ನಮ್ಮ ತೆಂಕಣ ಮಗ್ಗುಲಲ್ಲಿ ಗೂರ್ಖಾ ಪಡೆಯವರು ತುಂಗಭದ್ರೆಯ ಸೇತುವೆಯನ್ನು ಹಿಡಿದರು. 17, ಶುಕ್ರವಾರ ಸಂಜೆ ನಿಜಾಮರು ರೇಡಿಯೋದಲ್ಲಿ ಮಾತನಾಡಿದರು, ಕದನ ನಿಂತಿತು. 18ರಂದು ಸಂಸ್ಥಾನದ ಸೇನಾಪತಿ ಎಲ್ ಎದ್ರೂಸರು ಚೌಧುರಿಯವರಿಗೆ ಶರಣಾದರು. ಸರಕಾರ ಇದಕ್ಕೆ ಇಟ್ಟ ಹೆಸರು ಪೋಲೀಸ್ ಕಾರ್ಯಾಚರಣೆ. ನಮ್ಮ ಜನ ಇಂದಿಗೂ "ಪೋಲೀಸ್ ಆಕ್ಷನ್ನಿಗೆ ಮೊದಲು", "ಪೋಲೀಸ್ ಆಕ್ಷನ್ನಿನ ಮೇಲೆ" ಎಂದು ಕಾಲವನ್ನು ಅಳೆಯುವರು. ಅದು ಐದನೆಯ ಶಕೆಯಾಯಿತೆನ್ನಬಹುದು.

ಪಂಚಾಂಗದ ಗಣಿತವನ್ನು ಹಿಂದಕ್ಕೆ ನಡೆಯಿಸಿ ನೋಡಿದಾಗ ನನಗೆ ಕಂಡುಬಂದದ್ದನ್ನು ಇಲ್ಲಿ ಹೇಳುವೆನು. ಆ ಶುಕ್ರವಾರ ಭಾದ್ರಪದ ಶುದ್ಧ ಚತುರ್ದಶಿ, ಅನಂತನ ವ್ರತದ ದಿನ. ಹದಿನಾಲ್ಕು ಗಂಟಿನ ಕೆಂಪು ದಾರವನ್ನು ತೋಳಿಗೆ ಕಟ್ಟಿಕೊಂಡು, ಕಳೆದುಹೋದದ್ದು ಮರಳಿ ಬರಲೆಂದು ಬೇಡುವ ದಿನ. ಮಂತ್ರಾಲಯದಲ್ಲಿ ನಮ್ಮ ಅಜ್ಜ ದಾರ ಕಟ್ಟಿಕೊಳ್ಳುತ್ತಿರುವಾಗ ಕದನ ನಡೆದೇ ಇತ್ತು; ರಾತ್ರಿ ಮಲಗುವ ಹೊತ್ತಿಗೆ ನಿಂತಿತ್ತು. ಮರುದಿನ ಹುಣ್ಣಿಮೆ. ಹುಣ್ಣಿಮೆಯ ಮರುದಿನದಿಂದ ಅಮಾವಾಸ್ಯೆಯ ವರೆಗೆ ಪಿತೃಪಕ್ಷ.

ಆ ಪಕ್ಷದಲ್ಲಿಯೂ, ಅದರ ಮುಂದಿನ ವಾರಗಳಲ್ಲಿಯೂ ನಡೆದದ್ದನ್ನು ನಮ್ಮ ಭಾಷಣಗಳು ಹೇಳುವದಿಲ್ಲ. ರಜಾಕಾರರ ದಳ ಚದುರಿಹೋಯಿತು. ಅದರ ಪಾಪ ಊರೂರುಗಳಲ್ಲಿ ಉಳಿದ ಮುಸಲ್ಮಾನರ ತಲೆಯ ಮೇಲೆ ಬಿದ್ದಿತು. ಅನೇಕ ಕಡೆ ರಜಾಕಾರನೆಂದರೇನೆಂಬುದನ್ನೂ ಅರಿಯದ ರೈತ, ಪಿಂಜಾರ, ಕೂಲಿಕಾರರ ಮೇಲೆ ಬಿದ್ದಿತು. ಕೊಲೆ, ಸುಲಿಗೆ, ಮನೆ ಸುಡುವಿಕೆ, ಹೆಂಗಸರ ಮೇಲೆ ಅತ್ಯಾಚಾರ, ಒಂದೂ ಉಳಿಯಲಿಲ್ಲ. ಸುದ್ದಿ ದಿಲ್ಲಿಗೆ ಮುಟ್ಟಿ, ಜವಾಹರಲಾಲರು ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರನ್ನು ಕಳುಹಿಸಿದರು. ಅವರು ನವಂಬರದ ಕೊನೆಯಿಂದ ಡಿಸಂಬರದ ಮೂರನೆಯ ವಾರದ ವರೆಗೆ ಹದಿನಾರರಲ್ಲಿ ಒಂಬತ್ತು ಜಿಲ್ಲೆಗಳನ್ನು ಸುತ್ತಿ, ಊರೂರುಗಳಲ್ಲಿ ಕುಳಿತು ಕೇಳಿ ಬರೆದರು. ಕಾರ್ಯಾಚರಣೆಯ ಸಮಯದಲ್ಲಿಯೂ ಅನಂತರವೂ ಸಂಸ್ಥಾನದಲ್ಲಿ ಸತ್ತವರು ಇಪ್ಪತ್ತೇಳು ಸಾವಿರದಿಂದ ನಾಲ್ವತ್ತು ಸಾವಿರವೆಂದು ಅವರ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ, ನಾಂದೇಡ. ನಾಲ್ಕರಲ್ಲಿ ಎರಡು ನಮ್ಮ ಕನ್ನಡದವು. ರಾಯಚೂರು ಆ ನಾಲ್ಕರಲ್ಲಿ ಇಲ್ಲ. ಅದನ್ನು ನಾವು ಸಮಾಧಾನವೆಂದು ಹೇಳಿಕೊಳ್ಳುವದಾದರೆ ಹೇಳಿಕೊಳ್ಳಬಹುದು.

ಆ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹಿಂದೂಗಳು ತಮ್ಮ ಪ್ರಾಣವನ್ನು ಲೆಕ್ಕಿಸದೆ ನೆರೆಯ ಮುಸಲ್ಮಾನರನ್ನು ಕಾಪಾಡಿದ ನಿದರ್ಶನಗಳನ್ನು ಆ ಮೂವರು ಕಂಡರು. ವಿಶೇಷವಾಗಿ ನೇಕಾರರಲ್ಲಿ. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ಬಿಟ್ಟುಕೊಡಲಿಲ್ಲವಂತೆ, ಅದಕ್ಕಾಗಿ ತಾವೂ ನಷ್ಟಪಟ್ಟರಂತೆ. ಒಂದೇ ಕುಣಿಯಲ್ಲಿ ಕಾಲಿಟ್ಟು ಮಗ್ಗ ನಡೆಯಿಸುವವರಿಗೆ ಪಕ್ಕದ ಕುಣಿಯವನ ಮತ ಯಾವುದೆಂಬುದಕ್ಕಿಂತ ಆತನ ಹಾಸು ಹೊಕ್ಕು ಹೆಚ್ಚು ಪರಿಚಿತವಾಗಿರುವದು ಸ್ವಾಭಾವಿಕ. ನಮ್ಮ ಸುಶಿಕ್ಷಿತ ವರ್ಗದವರ ವಿಷಯದಲ್ಲಿ ಇಂಥ ವಿಶೇಷ ಪ್ರಶಂಸೆ ಅದರಲ್ಲಿ ನನಗೆ ಕಾಣಲಿಲ್ಲ.

ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. 2013ರಲ್ಲಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ಓದಲು ದೊರೆಯುವಂತಾಯಿತು. ಅರುವತ್ತೈದು ವರುಷ ಅದು ಕತ್ತಲೆಯಲ್ಲಿತ್ತು.

ಅದೇ 1948ರ ಸಪ್ಟಂಬರದಲ್ಲಿ ಹೈದರಾಬಾದಿನ ದೂರು ವಿಶ್ವಸಂಸ್ಥೆಯ ಭದ್ರತಾ ಮಂಡಲಿಯ ಮುಂದೆ ಬಂದದ್ದು ಪ್ಯಾರಿಸ್ ನಗರದಲ್ಲಿ. ಕೆಲವೇ ದಿನಗಳಲ್ಲಿ ನಿಜಾಮರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಡಿಸಂಬರ 10ರಂದು ಅದೇ ಪ್ಯಾರಿಸ್ಸಿನಲ್ಲಿ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ಅಂಗೀಕೃತವಾಯಿತು. ಆ ದಿವಸ ಸುಂದರಲಾಲರ ಮಂಡಲಿ ನಮ್ಮ ಸಂಸ್ಥಾನದ ಪ್ರವಾಸದಲ್ಲಿಯೇ ಇತ್ತು. ಎಲ್ಲ ಮಾನವರೂ ಸಮಾನರೆಂದು ಅಲ್ಲಿ ಕೈಯೆತ್ತುತ್ತಿದ್ದಾಗ ಇಲ್ಲಿ ಮೂವರು ಮುದುಕಿಯರ ಮುಂದೆ ಕುಳಿತು ಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದಿರಬೇಕು.

ಈ ಸಂಗತಿಗಳನ್ನು ಧ್ವಜದ ಕೆಳಗೆ ಮಕ್ಕಳ ಮುಂದೆ ಹೇಳಬೇಕೇ ಎಂಬುದು ದೊಡ್ಡ ಪ್ರಶ್ನೆ. ನಾನು ಹೇಳತೊಡಗಿದ ಮೊದಲ ವರುಷ ಊರಿನ ಗಣ್ಯರೊಬ್ಬರು ಸಭೆಯ ತರುವಾಯ ಬಂದು, "ಆಚಾರ್ರೆ, ಹಬ್ಬದ ದಿವಸ ಸೂತಕದ ಮಾತೇಕೆ? ಅವರು ಮಾಡಿದ್ದಕ್ಕೆ ಇವರು ಮಾಡಿದರು, ಮುಗಿದುಹೋಯಿತು" ಎಂದರು. ಅವರು ಕೆಟ್ಟವರಲ್ಲ. ಅವರ ತಂದೆ ಶಿಬಿರದಲ್ಲಿ ದುಡ್ಡೂ ದೇಹವೂ ಸವೆಸಿದವರು. ಆದರೆ "ಅವರು", "ಇವರು" ಎಂಬ ಆ ಎರಡು ಸರ್ವನಾಮಗಳಲ್ಲಿಯೇ ತೊಡಕು. ವ್ಯಾಕರಣದಲ್ಲಿ ಸರ್ವನಾಮಕ್ಕೆ ಮುಂಚೆ ನಾಮ ಬರಬೇಕು. ಗೋರಟಾದಲ್ಲಿ ಕೊಂದವನ ಹೆಸರೊಂದು, ಅಕ್ಟೋಬರದಲ್ಲಿ ಸತ್ತ ಪಿಂಜಾರನ ಹೆಸರೊಂದು. ಎರಡಕ್ಕೂ ಒಂದೇ "ಅವರು" ಎಂಬುದನ್ನು ಹಾಕಿದರೆ ಅದು ಅಪಪ್ರಯೋಗ. ಸೂತಕದ ಮಾತಿಗೆ ನಾನು ಕೊಟ್ಟ ಉತ್ತರ ಬೇರೆ. ಪಿತೃಪಕ್ಷದಲ್ಲಿ ನಾವು ತರ್ಪಣ ಬಿಡುವಾಗ ತಾಯಿ ತಂದೆ ಬಂಧುಗಳೆಲ್ಲ ಮುಗಿದ ಮೇಲೆ, ನೀರು ಬಿಡಲು ತಮ್ಮವರೆಂಬವರು ಯಾರೂ ಇಲ್ಲದೆ ಹೋದವರಿಗಾಗಿ ಒಂದು ಬೊಗಸೆ ಉಂಟು. ಅವರ ಗೋತ್ರವನ್ನು ಕೇಳುವದಿಲ್ಲ, ಮತವನ್ನು ಕೇಳುವದಿಲ್ಲ. ಗಣ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದು ಚಹಕ್ಕೆ ಹೋದರು. ಮುಂದಿನ ವರುಷ ಬೇರೊಬ್ಬರ ಹೆಸರು ಬರೆದರೆಂಬುದನ್ನೂ ಹೇಳಬೇಕು. ಅದರ ಮುಂದಿನ ವರುಷ ಮತ್ತೆ ನನ್ನದನ್ನೇ ಬರೆದರು.

ಹೇಳಬೇಕೆಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಪುಸ್ತಕದಿಂದಲ್ಲ. ಮಾನವಿಯಲ್ಲಿ ನನ್ನೊಡನೆ ಒಂಬತ್ತು ವರುಷ ಒಬ್ಬ ಉರ್ದು ಮಾಸ್ತರರಿದ್ದರು. ಮಿತಭಾಷಿಗಳು, ಅಕ್ಷರ ಮುತ್ತಿನಂಥದು. ಪ್ರತಿ ಸಪ್ಟಂಬರ 17ಕ್ಕೆ ಎಲ್ಲರಿಗಿಂತ ಮೊದಲು ಬಂದು, ಒಗೆದ ಶೇರವಾನಿ ತೊಟ್ಟು, ಕೊನೆಯ ಸಾಲಿನಲ್ಲಿ ನಿಂತು ಧ್ವಜಕ್ಕೆ ವಂದಿಸಿ ಹೋಗುವರು. ರಜಾಕಾರರ ಕ್ರೌರ್ಯವನ್ನು ನಾವು ವರ್ಣಿಸುವಾಗ ಹುಡುಗರಲ್ಲಿ ಕೆಲವರು ತಿರುಗಿ ಅವರನ್ನು ನೋಡುವರು. ಅವರು ನೆಲವನ್ನು ನೋಡುವರು. ಅವರ ಅಜ್ಜ ಗುಲಬರ್ಗಾ ಕಡೆಯ ಒಂದು ಹಳ್ಳಿಯ ಮೌಲವಿ. ರಜಾಕಾರರಿಗೆ ಚಂದಾ ಕೊಡಲೊಲ್ಲೆನೆಂದು ಬೇಸಗೆಯಲ್ಲಿ ಅವರಿಂದ ಪೆಟ್ಟು ತಿಂದವರು, ಮಳೆಗಾಲದ ಕೊನೆಯಲ್ಲಿ ರಜಾಕಾರನೆಂದೇ ಸತ್ತರು. ಇದನ್ನು ಅವರು ನನಗೆ ಹೇಳಿದ್ದು ಎಂಟನೆಯ ವರುಷದಲ್ಲಿ, ಅದೂ ನಾನು ಶೋಏಬುಲ್ಲಾ ಖಾನರ ಹೆಸರನ್ನು ಸಭೆಯಲ್ಲಿ ಎತ್ತಿದ ದಿನ ಸಂಜೆ. "ಆಚಾರ್ರೆ, ನೀವು ಹೆಸರು ಹೇಳಿದಿರಿ, ಅದಕ್ಕೇ ಹೇಳುತ್ತೇನೆ" ಎಂದರು.

ಆ ವರುಷ ಬಿತ್ತಿದ್ದರಲ್ಲಿ ಒಳ್ಳೆಯದೂ ಬೆಳೆಯಿತೆಂಬುದನ್ನು ಮರೆಯಬಾರದು. 1945ರ ಫೆಬ್ರುವರಿ 28ರಂದು ಎಡದಡದಲ್ಲಿ ಬೇರಾರಿನ ಯುವರಾಜರೂ ಬಲದಡದಲ್ಲಿ ಮದರಾಸಿನ ಗವರ್ನರರೂ ಅಡಿಗಲ್ಲಿಟ್ಟ ತುಂಗಭದ್ರೆಯ ಅಣೆಕಟ್ಟು, ಎರಡು ಸರಕಾರಗಳ ಜಗಳದ ನಡುವೆಯೂ ನಿಲ್ಲದೆ ಮುಂದೆ 1953ರಲ್ಲಿ ನೀರು ನಿಲ್ಲಿಸಿತು. ಅಜ್ಜಿ ದಾಟಿದ ಹೊಳೆಯ ನೀರು ಎಡದಂಡೆಯ ಕಾಲುವೆಯಾಗಿ ಮಾನವಿಯ ಗದ್ದೆಗಳಿಗೆ ಬಂದಿತು. 1948ರ ಸಾಹಿತ್ಯ ಸಮ್ಮೇಳನ ಕಾಸರಗೋಡಿನಲ್ಲಿ ತಿ. ತಾ. ಶರ್ಮರ ಅಧ್ಯಕ್ಷತೆಯಲ್ಲಿ ಕೂಡಿತ್ತು. 1949ರದು ಗುಲಬರ್ಗಾದಲ್ಲಿಯೇ, ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ. 1956ರ ನವಂಬರ 1ರಂದು ಗದ್ವಾಲ, ಆಲಂಪುರಗಳನ್ನು ಆಂಧ್ರಕ್ಕೆ ಬಿಟ್ಟು ಉಳಿದ ರಾಯಚೂರು ಜಿಲ್ಲೆ ಮೈಸೂರು ರಾಜ್ಯದಲ್ಲಿ ಸೇರಿತು. ವಿದ್ವಾಂಸರ ಊರಾದ ಗದ್ವಾಲವು ಕೈಬಿಟ್ಟದ್ದಕ್ಕೆ ಪಾಠಶಾಲೆಯ ನಮ್ಮ ಗುರುಗಳು ಕೊನೆಯ ವರೆಗೂ ವ್ಯಥೆಪಟ್ಟರು.

ಉರ್ದು ಕಚೇರಿಯಿಂದ ಹೋಯಿತು. ಕಾಗದಗಳಲ್ಲಿ ಮಾತ್ರ ಉಳಿಯಿತು. ಹೊಲದ ತಂಟೆ ಬಂದ ರೈತರು ಅಜ್ಜನ ಕಾಲದ ರಸೀದಿ, ನಕಲುಗಳನ್ನು ಪಂಚೆಯ ಗಂಟಿನಲ್ಲಿ ಕಟ್ಟಿಕೊಂಡು ನಮ್ಮ ಶಾಲೆಯ ಪಡಸಾಲೆಗೆ ಬರುತ್ತಿದ್ದರು. ತಾಲೂಕಿನಲ್ಲಿ ಅವನ್ನು ಓದಬಲ್ಲವರು ಆ ಉರ್ದು ಮಾಸ್ತರರೇ. ಅವರು ಓದುವರು, ನಾನು ಕನ್ನಡದಲ್ಲಿ ಬರೆದುಕೊಳ್ಳುವೆನು, 590 ಕೂಡಿಸಿ ಇಸವಿ ಹಾಕುವೆನು. ದೇವದುರ್ಗದ ಕಡೆಯ ರೈತನೊಬ್ಬ ಒಂದು ಸಲ ಫಸಲೀ 1357ರ ರಸೀದಿಗಳ ಕಟ್ಟೊಂದನ್ನು ತಂದನು. ಮೆಹರ ಮಾಸದ್ದು ಇತ್ತು, ಎಂದರೆ ಆಗಸ್ಟಿನದು. ಆಬಾನ ಮಾಸದ್ದು ಇರಲಿಲ್ಲ. ಅದರ ಮುಂದಿನದು 1358ರ ಬಹಮನ ಮಾಸದ್ದು, ಡಿಸಂಬರದ್ದು. ಕುಲಕರ್ಣಿಯ ರುಜು ಅದೇ, ಮೊತ್ತವೂ ಅದೇ. ನಡುವಿನವು ಏಕಿಲ್ಲವೆಂದು ರೈತ ಕೇಳಿದನು. ಆ ತಿಂಗಳುಗಳಲ್ಲಿ ಕಂದಾಯ ಕಟ್ಟಿಸಿಕೊಳ್ಳುವವರು ಯಾರೂ ಇದ್ದಿರಲಿಕ್ಕಿಲ್ಲವೆಂದು ಮಾಸ್ತರರು ಹೇಳಿ, ಕನ್ನಡಕವನ್ನು ಒರೆಸಿಕೊಂಡು ಮುಂದಿನ ಕಾಗದಕ್ಕೆ ಕೈಹಾಕಿದರು.